ಉಚಿತ ಬಸ್ಸಿನಿಂದ ದೇಶ ಕಮ್ಯುನಿಸ್ಟ್ ಆಗುವುದಿಲ್ಲ, ಹಾಗಾದರೆ ಯಾವುದರಿಂದ?

ಕರ್ನಾಟಕದಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದಾಗ ‘ಇದು ಕಮ್ಯುನಿಸಂ’ ಎಂದವರಿದ್ದರು. ಮರುವರ್ಷ ಮಹಾರಾಷ್ಟ್ರದಲ್ಲಿ ‘ಲಾಡ್ಕಿ ಬಹೀಣ್’ ಯೋಜನೆಯ ತಿಂಗಳ 1,500 ರೂಪಾಯಿ ಖಾತೆಗೆ ಬೀಳತೊಡಗಿದಾಗ ಮುಂಬೈಯ ಲೋಕಲ್ ಟ್ರೇನಿನಲ್ಲೂ ಅದೇ ಮಾತು ಕಿವಿಗೆ ಬಿತ್ತು. 2025ರಲ್ಲಿ ನ್ಯೂಯಾರ್ಕ್ ಮೇಯರ್ ಚುನಾವಣೆಗೆ ನಿಂತ ಜೊಹ್ರಾನ್ ಮಮ್ದಾನಿ ಬಾಡಿಗೆ ಏರಿಸದಂತೆ ತಡೆಯುತ್ತೇನೆ, ಬಸ್ ಉಚಿತ ಮಾಡುತ್ತೇನೆ ಎಂದಾಗ ಅಮೆರಿಕದ ಅಧ್ಯಕ್ಷ ಟ್ರಂಪ್ ಅವರನ್ನು ಕಮ್ಯುನಿಸ್ಟ್ ಎಂದು ಜರೆದರು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ವಿಧಾನಸಭೆ ‘ವಿಶೇಷ ಜನಸುರಕ್ಷಾ’ ಮಸೂದೆಯನ್ನು ಅಂಗೀಕರಿಸಿತು. ಅದರ ಗುರಿ ಕಡು ಎಡಪಂಥೀಯ ಸಂಘಟನೆಗಳು ಎಂದು ಮಸೂದೆಯೇ ಹೇಳುತ್ತದೆ.

ಬಸ್ ಟಿಕೆಟ್ಟಿನಿಂದ ಹಿಡಿದು ಜೈಲಿನವರೆಗೆ ಒಂದೇ ಮಾತನ್ನು ಹೀಗೆ ಎಳೆದಾಡಿದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದೇ ಮರೆತುಹೋಗುತ್ತದೆ. ನನ್ನ ವಾದ ಇಷ್ಟು: ಸರ್ಕಾರ ಜನರಿಗೆ ಏನು ಕೊಡುತ್ತದೆ ಎಂಬುದನ್ನು ನೋಡಿ ಕಮ್ಯುನಿಸ್ಟ್ ದೇಶವನ್ನು ಗುರುತಿಸಲಾಗದು. ಆಳುವ ಪಕ್ಷವನ್ನು ಇಳಿಸಲು ದಾರಿ ಇದೆಯೇ, ಅದರ ಅಪ್ಪಣೆ ಇಲ್ಲದೆ ನಾಲ್ಕು ಜನ ಸೇರಿ ಒಂದು ಸಂಘ ಕಟ್ಟಬಹುದೇ ಎಂದು ಕೇಳಬೇಕು. ಸಂಘ ಕಟ್ಟಿಕೊಂಡೇ ಈ ಊರಿನಲ್ಲಿ ಬೇರು ಬಿಟ್ಟ ಮುಂಬೈ ಕನ್ನಡಿಗರಿಗೆ ಈ ಪ್ರಶ್ನೆಯ ತೂಕ ಬೇಗ ಗೊತ್ತಾಗುತ್ತದೆ.

ಮೊದಲು ಬಾಡಿಗೆಯ ವಿಷಯ. ಮಮ್ದಾನಿ ಹೇಳಿದ್ದು ಮುಂಬೈಗೆ ಹೊಸದೇನಲ್ಲ. 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯ್ದೆ ಮನೆ ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮಟ್ಟಕ್ಕೆ ಕಟ್ಟಿಹಾಕಿತು. ಅದನ್ನು ತಂದದ್ದು ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ. ಗಿರ್ಗಾಂವ್, ದಾದರ್, ಮಾಟುಂಗದ ಎಷ್ಟೋ ಹಳೆಯ ಕಟ್ಟಡಗಳಲ್ಲಿ ಇವತ್ತಿಗೂ ಪಗಡಿ ಮನೆಗಳಿವೆ (ಮೊದಲೇ ದೊಡ್ಡ ಮೊತ್ತ ಕೊಟ್ಟು ಹಿಡಿದ ಬಾಡಿಗೆ ಮನೆಗಳು), ಬಾಡಿಗೆ ನೂರಿನ್ನೂರು ರೂಪಾಯಿ. ಈ ಕಾಯ್ದೆಯಿಂದ ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ಬಡ ಬಾಡಿಗೆದಾರ ಉಳಿದುಕೊಂಡ, ರಿಪೇರಿಗೆ ಮಾಲೀಕ ಕೈ ಹಾಕದೆ ಕಟ್ಟಡಗಳು ಕುಸಿದವು. ಆದರೆ ಮುಂಬೈಯನ್ನು ಯಾರೂ ಕಮ್ಯುನಿಸ್ಟ್ ನಗರ ಎನ್ನಲಿಲ್ಲ.

ಬ್ಯಾಂಕುಗಳ ಕಥೆ ಕರಾವಳಿಯವರಿಗೆ ಇನ್ನೂ ಹತ್ತಿರದ್ದು. 1969ರ ಜುಲೈನಲ್ಲಿ ಇಂದಿರಾ ಗಾಂಧಿ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದಾಗ ಅದರಲ್ಲಿ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಎರಡೂ ಇದ್ದವು. 1980ರಲ್ಲಿ ಕಾರ್ಪೊರೇಷನ್ ಬ್ಯಾಂಕ್, ವಿಜಯಾ ಬ್ಯಾಂಕ್ ಸೇರಿದವು. ಮಣಿಪಾಲ, ಮಂಗಳೂರು, ಉಡುಪಿಯ ಜನ ಕಟ್ಟಿದ ಬ್ಯಾಂಕುಗಳು ಸರ್ಕಾರದ ಕೈಗೆ ಹೋದವು. 1976ರಲ್ಲಿ ಸಂವಿಧಾನದ ಪೀಠಿಕೆಗೇ ‘ಸಮಾಜವಾದಿ’ ಎಂಬ ಪದ ಸೇರಿತು. ರೈಲು ಸರ್ಕಾರದ್ದು, ಎಲ್‌ಐಸಿ ಸರ್ಕಾರದ್ದು, ರೇಷನ್ ವ್ಯವಸ್ಥೆ ಸರ್ಕಾರದ್ದು. ಇಷ್ಟೆಲ್ಲ ಇದ್ದರೂ ಇಂದಿರಾ ಗಾಂಧಿಯವರ ಪಕ್ಷ 1977ರ ಮಾರ್ಚ್‌ನಲ್ಲಿ ಚುನಾವಣೆ ಸೋತಿತು, ಕುರ್ಚಿ ಬಿಟ್ಟು ಇಳಿಯಿತು. ತುರ್ತುಪರಿಸ್ಥಿತಿಯಲ್ಲಿ ಜೈಲಿಗೆ ಹೋಗಿದ್ದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಜೈಲಿನಲ್ಲಿದ್ದುಕೊಂಡೇ ಮುಜಫ್ಫರ್‌ಪುರದಿಂದ ಗೆದ್ದು ಮಂತ್ರಿಯಾದರು. ಕಮ್ಯುನಿಸ್ಟ್ ದೇಶದಲ್ಲಿ ನಡೆಯದ ಸಂಗತಿ ಇದೇ.

ಕಮ್ಯುನಿಸ್ಟ್ ಪಕ್ಷ ಅಧಿಕಾರಕ್ಕೆ ಬಂದ ಮಾತ್ರಕ್ಕೂ ರಾಜ್ಯ ಕಮ್ಯುನಿಸ್ಟ್ ಆಗುವುದಿಲ್ಲ. ಕೇರಳದಲ್ಲಿ 1957ರಲ್ಲಿ ಕಮ್ಯುನಿಸ್ಟ್ ನಾಯಕ ಇಎಂಎಸ್ ನಂಬೂದಿರಿಪಾಡ್ ಅವರ ಸರ್ಕಾರ ಮತದಿಂದ ಬಂತು, 1959ರಲ್ಲಿ ಕೇಂದ್ರ ಅದನ್ನು ವಜಾ ಮಾಡಿತು. ಮುಂದೆ ಅದೇ ಪಕ್ಷದವರು ಎಷ್ಟೋ ಸಲ ಗೆದ್ದರು, ಎಷ್ಟೋ ಸಲ ಸೋತರು. ಬಂಗಾಳದಲ್ಲಿ ಎಡರಂಗ 34 ವರ್ಷ ಆಳಿ 2011ರಲ್ಲಿ ಸೋತು ಹೊರಬಂತು. ಸೋಲು ಸಾಧ್ಯವಿದ್ದ ಕಡೆ ಅದು ಇನ್ನೊಂದು ಪಕ್ಷ, ಅಷ್ಟೇ.

ಇವತ್ತು ಜಗತ್ತಿನಲ್ಲಿ ಕಮ್ಯುನಿಸ್ಟ್ ಎಂದು ಕರೆಸಿಕೊಳ್ಳುವ ದೇಶಗಳು ಐದು: ಚೀನಾ, ವಿಯೆಟ್ನಾಂ, ಲಾವೋಸ್, ಕ್ಯೂಬಾ, ಉತ್ತರ ಕೊರಿಯಾ. ಇವುಗಳಲ್ಲಿ ಯಾವುದೂ ‘ನಮ್ಮಲ್ಲಿ ಕಮ್ಯುನಿಸಂ ಬಂದಾಯಿತು’ ಎಂದು ಹೇಳಿಕೊಳ್ಳುವುದಿಲ್ಲ. ಮಾರ್ಕ್ಸ್ ಕಲ್ಪಿಸಿದ, ವರ್ಗವೂ ಇಲ್ಲದ ಪ್ರಭುತ್ವವೂ ಇಲ್ಲದ ಸಮಾಜ ದೂರದ ಗುರಿ, ಸದ್ಯಕ್ಕೆ ನಾವು ಸಮಾಜವಾದದ ಹಂತದಲ್ಲಿದ್ದೇವೆ, ದಾರಿ ತೋರಿಸಲು ಪಕ್ಷ ಬೇಕು ಎಂಬುದು ಅವರ ನಿಲುವು. ಈ ಕೊನೆಯ ತುಂಡೇ ಮುಖ್ಯ. ವಿಯೆಟ್ನಾಂನ 2013ರ ಸಂವಿಧಾನದ 4ನೇ ವಿಧಿ ಕಮ್ಯುನಿಸ್ಟ್ ಪಕ್ಷವನ್ನು ಪ್ರಭುತ್ವ ಮತ್ತು ಸಮಾಜ ಎರಡನ್ನೂ ಮುನ್ನಡೆಸುವ ಶಕ್ತಿ ಎನ್ನುತ್ತದೆ. ಕ್ಯೂಬಾದ 2019ರ ಸಂವಿಧಾನದ 5ನೇ ವಿಧಿ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಚೀನಾ 2018ರಲ್ಲಿ ಪಕ್ಷದ ನಾಯಕತ್ವವನ್ನು ಸಂವಿಧಾನದ ಮೊದಲ ವಿಧಿಯೊಳಗೇ ಸೇರಿಸಿತು. ಸೋವಿಯತ್ ಒಕ್ಕೂಟದ 1977ರ ಸಂವಿಧಾನದಲ್ಲಿ ಇಂಥ ಮಾತಿದ್ದದ್ದು 6ನೇ ವಿಧಿಯಲ್ಲಿ. 1990ರ ಮಾರ್ಚ್‌ನಲ್ಲಿ ಅದನ್ನು ತೆಗೆದರು. 1991ರ ಡಿಸೆಂಬರ್ ಹೊತ್ತಿಗೆ ಆ ದೇಶವೇ ಇರಲಿಲ್ಲ.

ಕಾಗದದ ಮೇಲಿನ ಈ ಒಂದು ಸಾಲು ಊರಿನ ಮಟ್ಟದಲ್ಲಿ ಹೇಗೆ ಕೆಲಸ ಮಾಡುತ್ತದೆ? ಚೀನಾದ ಯಾವುದೇ ನಗರದಲ್ಲಿ ಮೇಯರ್ ಇರುತ್ತಾರೆ, ಅವರ ಮೇಲೆ ಆ ನಗರದ ಪಕ್ಷ ಕಾರ್ಯದರ್ಶಿ ಇರುತ್ತಾರೆ. ಮುಖ್ಯ ತೀರ್ಮಾನ ಕಾರ್ಯದರ್ಶಿಯದು. ವಿಶ್ವವಿದ್ಯಾಲಯಕ್ಕೆ ಕುಲಪತಿಯೂ ಇರುತ್ತಾರೆ, ಪಕ್ಷ ಕಾರ್ಯದರ್ಶಿಯೂ ಇರುತ್ತಾರೆ. ಕೋರ್ಟು, ಪೊಲೀಸು, ಪ್ರಾಸಿಕ್ಯೂಷನ್ ಮೂರನ್ನೂ ನೋಡಿಕೊಳ್ಳಲು ಪಕ್ಷದ ಒಂದು ಸಮಿತಿ ಇದೆ. ಸೇನೆ ದೇಶದ್ದಲ್ಲ, ಪಕ್ಷದ್ದು. ಪಕ್ಷದ ಸದಸ್ಯರು 10 ಕೋಟಿಗೂ ಹೆಚ್ಚು. ಸದಸ್ಯತ್ವ ನಮ್ಮಲ್ಲಿಯಂತೆ ಮಿಸ್ಡ್ ಕಾಲ್ ಕೊಟ್ಟು ಸಿಗುವುದಲ್ಲ. ಅರ್ಜಿ ಹಾಕಬೇಕು, ಶಿಫಾರಸು ಬೇಕು, ವರ್ಷಗಟ್ಟಲೆ ಪರೀಕ್ಷೆಯ ಅವಧಿ ಇರುತ್ತದೆ. ಅಲಿಬಾಬಾ ಕಂಪನಿ ಕಟ್ಟಿದ ಜಾಕ್ ಮಾ ಕೂಡ ಪಕ್ಷದ ಸದಸ್ಯರು ಎಂದು ಪಕ್ಷದ ಪತ್ರಿಕೆಯೇ 2018ರಲ್ಲಿ ಬರೆಯಿತು. ಬಂಡವಾಳಶಾಹಿಯನ್ನು ಓಡಿಸಲು ಹುಟ್ಟಿದ ಪಕ್ಷದೊಳಗೆ ದೊಡ್ಡ ಬಂಡವಾಳಗಾರರು ಇದ್ದಾರೆ ಎಂದರೆ, ಆರ್ಥಿಕ ನೀತಿ ಎಷ್ಟು ಬದಲಾದರೂ ಪಕ್ಷದ ಹಿಡಿತ ಬದಲಾಗಬೇಕಿಲ್ಲ ಎಂದಾಯಿತು.

ಇನ್ನು ಭೂಮಿ. ಇದು ಸ್ವಲ್ಪ ವಿವರವಾಗಿ ಹೇಳಬೇಕಾದ ವಿಷಯ, ಏಕೆಂದರೆ ಮುಂಬೈಯ ಅರ್ಧಕ್ಕರ್ಧ ತುಳು-ಕನ್ನಡ ಕುಟುಂಬಗಳ ಮನೆಯ ಚರಿತ್ರೆಯಲ್ಲಿ ಇದು ಬರುತ್ತದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿದಾರರು ಡಿಕ್ಲರೇಶನ್ ಕೊಟ್ಟರು, ಭೂ ನ್ಯಾಯಮಂಡಳಿಯ ಮುಂದೆ ನಿಂತರು, ಉಳುತ್ತಿದ್ದ ಗದ್ದೆ ಅವರ ಹೆಸರಿಗೆ ಆಯಿತು. ಒಕ್ಕಲಾಗಿದ್ದವರು ಒಡೆಯರಾದರು, ಧಣಿಗಳಾಗಿದ್ದ ಕೆಲವರು ಇಲ್ಲಿಗೆ ಬಂದು ಕೆಲಸ ಹುಡುಕಿದರು. ಜಮೀನು ಕಳೆದುಕೊಂಡವರ ಮನೆಯಲ್ಲಿ ‘ಅರಸು ಕಮ್ಯುನಿಸ್ಟ್ ಕೆಲಸ ಮಾಡಿದರು’ ಎಂಬ ಮಾತು ಇವತ್ತಿಗೂ ಇದೆ. ಅವರ ನೋವು ನಿಜ, ಆದರೆ ಹೋಲಿಕೆ ಸರಿಯಲ್ಲ. ಅರಸರ ಕಾಯ್ದೆ ಜಮೀನನ್ನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ದಾಟಿಸಿತು. ಪಹಣಿಯಲ್ಲಿ ಒಂದು ಹೆಸರು ಉಳಿಯಿತು. ಪರಿಹಾರವನ್ನೂ ಗೊತ್ತುಮಾಡಿತ್ತು, ಕೋರ್ಟಿಗೆ ಹೋಗುವ ದಾರಿಯೂ ಇತ್ತು.

ಚೀನಾದಲ್ಲಿ 1950ರ ಭೂಸುಧಾರಣೆ ಹೀಗೇ ಶುರುವಾಯಿತು. ಜಮೀನ್ದಾರರಿಂದ ಕಿತ್ತು ರೈತನಿಗೆ ಕೊಟ್ಟರು, ಕಿತ್ತುಕೊಳ್ಳುವಾಗ ಲಕ್ಷಗಟ್ಟಲೆ ಜನ ಸತ್ತರು. ಎಂಟು ವರ್ಷ ಕಳೆಯುವಷ್ಟರಲ್ಲಿ, 1958ರಲ್ಲಿ, ಆ ರೈತನ ಕೈಯಿಂದಲೂ ಜಮೀನು ಹೋಗಿ, ಹಳ್ಳಿಗಳನ್ನು ಒಟ್ಟುಗೂಡಿಸಿ ಮಾಡಿದ ಕಮ್ಯೂನ್ ಸೇರಿತು. ಎತ್ತು, ನೇಗಿಲು, ಕೆಲವು ಕಡೆ ಅಡುಗೆ ಪಾತ್ರೆ ಕೂಡ ಸಾಮೂಹಿಕವಾದವು. ಬೆಳೆ ಹೆಚ್ಚು ಬಂದಿದೆ ಎಂದು ಕೆಳಗಿನ ಅಧಿಕಾರಿ ಮೇಲಿನವನಿಗೆ ಸುಳ್ಳು ವರದಿ ಕೊಟ್ಟ, ಆ ಲೆಕ್ಕದಂತೆ ಸರ್ಕಾರ ಧಾನ್ಯ ಎತ್ತಿಕೊಂಡು ಹೋಯಿತು, ಹಳ್ಳಿಯಲ್ಲಿ ಉಣ್ಣಲು ಉಳಿಯಲಿಲ್ಲ. 1959ರಿಂದ 1961ರವರೆಗಿನ ಆ ಬರಗಾಲದಲ್ಲಿ ಸತ್ತವರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಹೋಗುತ್ತದೆ. ರಕ್ಷಣಾ ಮಂತ್ರಿಯಾಗಿದ್ದ ಪೆಂಗ್ ದೆಹ್ವಾಯ್ 1959ರಲ್ಲಿ ಲುಶಾನ್‌ನಲ್ಲಿ ನಡೆದ ಪಕ್ಷದ ಸಭೆಯ ಹೊತ್ತಿಗೆ ಈ ನೀತಿಯ ತಪ್ಪುಗಳ ಬಗ್ಗೆ ಮಾವೋಗೆ ಪತ್ರ ಬರೆದರು, ಪದವಿ ಕಳೆದುಕೊಂಡರು. ಮಂತ್ರಿಗೇ ಈ ಗತಿ ಆದಮೇಲೆ ಉಳಿದವರು ಬಾಯಿ ಬಿಡುವುದೆಲ್ಲಿ ಬಂತು.

ಇದನ್ನು ಮಹಾರಾಷ್ಟ್ರದ 1972ರ ಬರದ ಪಕ್ಕದಲ್ಲಿಟ್ಟು ನೋಡಬೇಕು. ಮರಾಠವಾಡ, ಸೊಲ್ಲಾಪುರ, ಅತ್ತ ನಮ್ಮ ಬಿಜಾಪುರದವರೆಗೂ ನೆಲ ಒಣಗಿ ಬಿರಿದಿತ್ತು. ಜನ ಜಲ್ಲಿ ಒಡೆದು ಬದುಕಿದರು. ಆದರೆ ಸುದ್ದಿ ಮುಚ್ಚಿಡಲು ಆಗಲಿಲ್ಲ. ಮುಂಬೈಯಲ್ಲಿ ಸಮಾಜವಾದಿ ಮೃಣಾಲ್ ಗೋರೆ, ಕಮ್ಯುನಿಸ್ಟ್ ಅಹಿಲ್ಯಾ ರಾಂಗಣೇಕರ್ ಒಟ್ಟಿಗೆ ಬೆಲೆಯೇರಿಕೆಯ ವಿರುದ್ಧ ಹೆಂಗಸರನ್ನು ಬೀದಿಗೆ ತಂದರು. ಕೈಯಲ್ಲಿ ಲಟ್ಟಣಿಗೆ ಹಿಡಿದು, ತಟ್ಟೆ ಬಡಿಯುತ್ತ ಗೃಹಿಣಿಯರು ಮೆರವಣಿಗೆ ಹೊರಟರು. ಸರ್ಕಾರ ಬರಪೀಡಿತರಿಗೆ ಕೆಲಸ ಕೊಡಲೇಬೇಕಾಯಿತು. ಆ ಕಾಮಗಾರಿಗಳೇ ಮುಂದೆ ಉದ್ಯೋಗ ಖಾತರಿ ಕಾಯ್ದೆಯಾಗಿ ಬೆಳೆದವು. ಆ ವರ್ಷ ಹಸಿವು ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಹಸಿದವರು ಕೂಗಿದ್ದು ಮುಂಬೈಯ ಸಚಿವಾಲಯಕ್ಕೆ ಕೇಳಿಸಿತು ಎಂದಷ್ಟೇ ಹೇಳುತ್ತೇನೆ, ಚೀನಾದ ಹಳ್ಳಿಗೂ ಇಲ್ಲಿನ ಹಳ್ಳಿಗೂ ನಡುವೆ ಸಾವು ಬದುಕಿನ ಅಂತರವಾದದ್ದು ಅದೇ.

ಚೀನಾದ ರೈತರು ಕಮ್ಯೂನಿನಿಂದ ಹೊರಬಂದ ರೀತಿಯನ್ನೂ ಹೇಳಬೇಕು. 1978ರ ಕೊನೆಯಲ್ಲಿ ಅನ್‌ಹುಯ್ ಪ್ರಾಂತ್ಯದ ಶಾವೊಗಾಂಗ್ ಎಂಬ ಹಳ್ಳಿಯಲ್ಲಿ 18 ರೈತರು ಗುಟ್ಟಾಗಿ ಸೇರಿ, ಸಾಮೂಹಿಕ ಜಮೀನನ್ನು ಮನೆಮನೆಗೆ ಪಾಲು ಮಾಡಿಕೊಳ್ಳುವ ಒಪ್ಪಂದಕ್ಕೆ ಕೆಂಪು ಹೆಬ್ಬೆಟ್ಟು ಒತ್ತಿದರು. ನಮ್ಮಲ್ಲಿ ಯಾರಾದರೂ ಜೈಲಿಗೆ ಹೋದರೆ, ಸತ್ತರೆ, ಅವರ ಮಕ್ಕಳನ್ನು 18 ವರ್ಷ ಆಗುವವರೆಗೆ ಉಳಿದವರು ಸಾಕಬೇಕು ಎಂದೂ ಬರೆದುಕೊಂಡರು. ಸ್ವಂತ ಗದ್ದೆಯನ್ನು ಸ್ವಂತಕ್ಕೆ ಉಳಲು ಇಷ್ಟು ಭಯ. ಮರುವರ್ಷ ಬೆಳೆ ಹಲವು ಪಟ್ಟು ಬಂತು. ಡೆಂಗ್ ಶಿಯಾವೊಪಿಂಗ್ ಕಾಲದ ನಾಯಕತ್ವ ಅದನ್ನು ಶಿಕ್ಷಿಸದೆ ದೇಶಕ್ಕೆಲ್ಲ ಹರಡಿತು. ಹಾಗಿದ್ದೂ ಚೀನಾದ ಹಳ್ಳಿಯ ಜಮೀನು ಇವತ್ತಿಗೂ ಸಾಮೂಹಿಕ ಒಡೆತನದ್ದೇ. ರೈತನಿಗೆ ಇರುವುದು ಉಳುವ ಹಕ್ಕು. ಶಹರದ ನೆಲವೆಲ್ಲ ಸರ್ಕಾರದ್ದು, ಫ್ಲ್ಯಾಟ್ ಕೊಂಡವನಿಗೆ ಅಡಿಯ ನೆಲದ ಮೇಲೆ ಸಿಗುವುದು 70 ವರ್ಷಗಳ ಬಳಕೆಯ ಹಕ್ಕು.

ವಿಯೆಟ್ನಾಂನದೂ ಇದೇ ಜಾಡು. 1986ರ ‘ದೊಯ್ ಮೊಯ್’ ಸುಧಾರಣೆಗೆ ಮುಂಚೆ ಅಕ್ಕಿ ಆಮದು ಮಾಡಿಕೊಳ್ಳುತ್ತಿದ್ದ ದೇಶ ಈಗ ಭಾರತ, ಥಾಯ್ಲೆಂಡ್ ಜತೆ ಜಗತ್ತಿನ ದೊಡ್ಡ ಅಕ್ಕಿ ರಫ್ತುದಾರರ ಸಾಲಿನಲ್ಲಿದೆ. ಮುಂಬೈಯಿಂದ ಈಗ ನೇರ ವಿಮಾನ ಇರುವುದರಿಂದ ಥಾಣೆ, ಡೊಂಬಿವಲಿಯ ನಮ್ಮವರೂ ಪ್ಯಾಕೇಜ್ ಟೂರ್‌ನಲ್ಲಿ ಹನೋಯಿ, ಹೋ ಚಿ ಮಿನ್ ಸಿಟಿಗೆ ಹೋಗಿಬರುತ್ತಾರೆ. ಬಂದವರು ಹೇಳುವುದು ಒಂದೇ ಮಾತು: ಎಲ್ಲಿ ನೋಡಿದರೂ ಅಂಗಡಿ, ಬೈಕು, ಚೌಕಾಸಿ, ಅಲ್ಲಿ ಕಮ್ಯುನಿಸಂ ಎಲ್ಲಿದೆ? ಅವರು ಕಂಡದ್ದು ಸರಿ. ಕೊಳ್ಳುವುದು, ಮಾರುವುದು, ತಿನ್ನುವುದರಲ್ಲಿ ಹನೋಯಿಯ ಗೃಹಿಣಿಗೂ ಘಾಟ್ಕೋಪರ್‌ನ ಗೃಹಿಣಿಗೂ ದೊಡ್ಡ ವ್ಯತ್ಯಾಸ ಇಲ್ಲ. ವಾರದ ಪ್ರವಾಸದಲ್ಲಿ ಕಾಣದ ವ್ಯತ್ಯಾಸಗಳು ಬೇರೆ ಇವೆ, ಅವು ತಾಗುವುದು ಊರು ಬಿಡುವಾಗ, ಮಗುವನ್ನು ಶಾಲೆಗೆ ಸೇರಿಸುವಾಗ, ಸಂಬಳ ಬರದಿದ್ದಾಗ, ದೂರು ಕೊಡಬೇಕಾದಾಗ.

ಊರು ಬಿಡುವುದನ್ನೇ ತೆಗೆದುಕೊಳ್ಳಿ. ಕುಂದಾಪುರ, ಕಾರ್ಕಳ, ಮುಲ್ಕಿ ಕಡೆಯಿಂದ ಹನ್ನೆರಡು, ಹದಿಮೂರರ ಹುಡುಗರು ಬಸ್ಸು ಹತ್ತಿ ಮುಂಬೈಗೆ ಬಂದರು, ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದರು. ಅವರಲ್ಲಿ ಎಷ್ಟೋ ಜನ ವಕೀಲರಾದರು, ಬ್ಯಾಂಕ್ ಮ್ಯಾನೇಜರ್ ಆದರು, ಹೋಟೆಲ್ ಮಾಲೀಕರಾದರು. ಅವರ್ಯಾರೂ ಇಲ್ಲಿ ಇರಲು ಪರವಾನಗಿ ಕೇಳಲಿಲ್ಲ. ಸಂವಿಧಾನದ 19ನೇ ವಿಧಿ ದೇಶದ ಎಲ್ಲಿ ಬೇಕಾದರೂ ಹೋಗುವ, ನೆಲೆಸುವ ಹಕ್ಕು ಕೊಟ್ಟಿತ್ತು. 1966ರಲ್ಲಿ ಶಿವಸೇನೆ ಹುಟ್ಟಿ ‘ಲುಂಗಿ ಹಟಾವ್’ ಎಂಬ ಕೂಗು ಎದ್ದಾಗ ಉಡುಪಿ ಹೋಟೆಲುಗಳ ಗಾಜು ಒಡೆದವು, ಜನ ಹೆದರಿದರು. ಆಗಲೂ ಅವರನ್ನು ಊರಿಗೆ ಅಟ್ಟುವ ಕಾಯ್ದೆಯ ಬಲ ಯಾರ ಕೈಯಲ್ಲೂ ಇರಲಿಲ್ಲ.

ಚೀನಾದಲ್ಲಿ 1958ರಿಂದ ‘ಹುಕೊ’ ಎಂಬ ಮನೆ ನೋಂದಣಿ ವ್ಯವಸ್ಥೆ ಇದೆ. ನೀವು ಯಾವ ಊರಿನವರು ಎಂದು ಅದರಲ್ಲಿ ಬರೆದಿರುತ್ತದೆ. ರೇಷನ್ ಚೀಟಿ ಇದ್ದ ಕಾಲದಲ್ಲಿ ಹುಕೊ ಇಲ್ಲದ ಶಹರದಲ್ಲಿ ಅಕ್ಕಿಯೂ ಸಿಗುತ್ತಿರಲಿಲ್ಲ, ಹಾಗಾಗಿ ಊರು ಬಿಡುವ ಪ್ರಶ್ನೆಯೇ ಇರಲಿಲ್ಲ. 1993ರ ಹೊತ್ತಿಗೆ ಧಾನ್ಯದ ಚೀಟಿ ಹೋಯಿತು, ಹುಕೊ ಉಳಿಯಿತು. ಈಗ ಸುಮಾರು 30 ಕೋಟಿ ಹಳ್ಳಿಗರು ವಲಸೆ ದುಡಿಮೆಯಲ್ಲಿದ್ದಾರೆ. ಶೆನ್‌ಜೆನ್‌ನ ಕಾರ್ಖಾನೆಯಲ್ಲಿ ಹತ್ತು ವರ್ಷ ದುಡಿದ ತಾಯಿಯ ಮಗು ಅಲ್ಲಿನ ಸರ್ಕಾರಿ ಶಾಲೆಗೆ ಸೇರಲು ಪರದಾಡಬೇಕು, ಕಾಲೇಜಿನ ಪ್ರವೇಶ ಪರೀಕ್ಷೆಗೆ ಬಹುತೇಕ ಹುಕೊ ಇರುವ ಊರಿಗೇ ವಾಪಸು ಹೋಗಬೇಕು. ಅದಕ್ಕಾಗಿಯೇ ಕೋಟಿಗಟ್ಟಲೆ ಮಕ್ಕಳು ಹಳ್ಳಿಯಲ್ಲಿ ಅಜ್ಜ ಅಜ್ಜಿಯ ಜತೆ ಬೆಳೆಯುತ್ತಾರೆ. ಸಣ್ಣ ನಗರಗಳಲ್ಲಿ ನಿಯಮ ಈಗ ಸಡಿಲವಾಗಿದೆ, ಬೀಜಿಂಗ್, ಶಾಂಘೈಯಂಥ ದೊಡ್ಡ ನಗರಗಳಲ್ಲಿ ಬಿಗಿಯಾಗಿಯೇ ಇದೆ.

2003ರ ಮಾರ್ಚ್‌ನಲ್ಲಿ ಗ್ವಾಂಗ್‌ಜೋ ನಗರದಲ್ಲಿ ಸುನ್ ಝಿಗಾಂಗ್ ಎಂಬ 27ರ ತರುಣನನ್ನು, ಡಿಸೈನ್ ಕೆಲಸ ಮಾಡುತ್ತಿದ್ದವನನ್ನು, ಬೀದಿಯಲ್ಲಿ ಹೋಗುವಾಗ ತಾತ್ಕಾಲಿಕ ವಾಸದ ಕಾರ್ಡ್ ಜತೆಗಿಲ್ಲ ಎಂದು ಪೊಲೀಸರು ಹಿಡಿದರು. ವಲಸಿಗರನ್ನು ಹಿಡಿದು ಊರಿಗೆ ಅಟ್ಟಲು ಇದ್ದ ಕೇಂದ್ರದಲ್ಲಿ ಅವನನ್ನು ಹೊಡೆದು ಸಾಯಿಸಿದರು. ಒಂದು ಪತ್ರಿಕೆ ಧೈರ್ಯ ಮಾಡಿ ಬರೆಯಿತು, ದೇಶವೆಲ್ಲ ಸಿಟ್ಟಾಯಿತು, ಆ ಹಿಡಿದಟ್ಟುವ ನಿಯಮವನ್ನು ಸರ್ಕಾರ ಅದೇ ವರ್ಷ ರದ್ದು ಮಾಡಿತು. ಮರುವರ್ಷ ಆ ಪತ್ರಿಕೆಯ ಮುಖ್ಯಸ್ಥರು ಭ್ರಷ್ಟಾಚಾರದ ಆರೋಪದಲ್ಲಿ ಬಂಧನಕ್ಕೊಳಗಾದರು. ಜನಮತಕ್ಕೆ ಅಲ್ಲೂ ಬಲ ಇದೆ, ಆದರೆ ಅದನ್ನು ಮೊದಲು ಎತ್ತಿದವನು ಬೆಲೆ ತೆರುತ್ತಾನೆ.

ಹಳೆಯ ಮಾದರಿಗೆ ಇವತ್ತಿಗೂ ಹತ್ತಿರ ಇರುವುದು ಕ್ಯೂಬಾ. 1962ರಲ್ಲಿ ಶುರುವಾದ ರೇಷನ್ ಪುಸ್ತಕ ಅಲ್ಲಿ ಪ್ರತಿ ಮನೆಗೂ ಇದೆ. ನಮ್ಮಲ್ಲಿ ಹಳದಿ, ಕೇಸರಿ, ಬಿಳಿ ಕಾರ್ಡೆಂದು ಆದಾಯದ ಮೇಲೆ ಭೇದ ಇದ್ದರೆ, ಅಲ್ಲಿ ಡಾಕ್ಟರಿಗೂ ಗಾರೆ ಕೆಲಸದವನಿಗೂ ಅದೇ ಪುಸ್ತಕ. ಅಕ್ಕಿ, ಸಕ್ಕರೆ, ಹುರುಳಿಕಾಯಿಯ ಒಣ ಬೀಜ, ಎಣ್ಣೆ, ತಲೆಗೆ ದಿನಕ್ಕೊಂದು ಸಣ್ಣ ಬನ್ನು. ಏಳು ವರ್ಷದೊಳಗಿನ ಮಕ್ಕಳಿಗೆ ಹಾಲು. 2024ರಲ್ಲಿ ಆ ಹಾಲಿನ ಪುಡಿಗಾಗಿ ಸರ್ಕಾರ ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮದ ಮುಂದೆ ಕೈಚಾಚಿತು. ಅದೇ ವರ್ಷ ದಿನದ ಬನ್ನಿನ ತೂಕ 80 ಗ್ರಾಂನಿಂದ 60 ಗ್ರಾಂಗೆ ಇಳಿಯಿತು. ಇದಕ್ಕೆ ಅಮೆರಿಕ 1962ರಿಂದ ಹಾಕಿರುವ ವ್ಯಾಪಾರ ದಿಗ್ಬಂಧನವೂ ಕಾರಣ, ಎಲ್ಲವನ್ನೂ ಕಚೇರಿಯಿಂದಲೇ ನಡೆಸುವ ಆಡಳಿತವೂ ಕಾರಣ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವವರು ಎರಡೂ ಕಡೆ ಇದ್ದಾರೆ.

ಅದೇ ಕ್ಯೂಬಾ 1961ರಲ್ಲಿ ಹದಿಹರೆಯದ ಹುಡುಗ ಹುಡುಗಿಯರನ್ನು ಹಳ್ಳಿಗಳಿಗೆ ಕಳಿಸಿ ಒಂದೇ ವರ್ಷದಲ್ಲಿ ಲಕ್ಷಗಟ್ಟಲೆ ಜನರಿಗೆ ಓದು ಬರಹ ಕಲಿಸಿತು. ವೈದ್ಯರು ಬೀದಿಬೀದಿಗೆ ಸಿಗುವಂತೆ ಮಾಡಿತು. ಚೀನಾ ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಜನರನ್ನು ಕಡುಬಡತನದಿಂದ ಎತ್ತಿತು ಎಂದು ವಿಶ್ವಬ್ಯಾಂಕ್ ಲೆಕ್ಕ ಹಾಕಿದೆ. ಸರ್ಕಾರಿ ಆಸ್ಪತ್ರೆಯ ಹೊರಗೆ ಫುಟ್‌ಪಾತಿನಲ್ಲಿ ರೋಗಿಗಳ ಮನೆಯವರು ಮಲಗುವ ನಗರದಲ್ಲಿ ಇದ್ದುಕೊಂಡು ಈ ಸಾಧನೆಯನ್ನು ಸಣ್ಣದು ಎನ್ನಲು ನನ್ನಿಂದ ಆಗುವುದಿಲ್ಲ. ಒಂದು ತಿದ್ದುಪಡಿ ಮಾತ್ರ ಬೇಕು: ಕಮ್ಯುನಿಸ್ಟ್ ದೇಶ ಎಂದರೆ ಎಲ್ಲವೂ ಉಚಿತ ಎಂಬ ನಂಬಿಕೆ ಈಗಿನ ಚೀನಾಕ್ಕೆ ಹೊಂದುವುದಿಲ್ಲ. ಅಲ್ಲಿ ಆಸ್ಪತ್ರೆಯಲ್ಲಿ ಮುಂಗಡ ಕಟ್ಟಬೇಕು, ವಿಮೆ ಒಂದು ಪಾಲು ಮಾತ್ರ ಹಿಂತಿರುಗಿಸುತ್ತದೆ. 1990ರ ದಶಕದ ಕೊನೆಯಲ್ಲಿ ಸರ್ಕಾರಿ ಕಾರ್ಖಾನೆಗಳಿಂದ ಕೋಟಿಗಟ್ಟಲೆ ಕೆಲಸಗಾರರನ್ನು ಮನೆಗೆ ಕಳಿಸಿದರು. ಜೀವನಪೂರ್ತಿ ಕೆಲಸ, ಮನೆ, ಔಷಧಿ ಎಲ್ಲ ಕೊಡುತ್ತಿದ್ದ ಕಾರ್ಖಾನೆಯ ಗೇಟು ಮುಚ್ಚಿದಾಗ ಅವರ ಪಾಡು ಪರೇಲ್, ಲಾಲ್‌ಬಾಗ್‌ನ ಗಿರಣಿ ಕಾರ್ಮಿಕರ ಪಾಡಿಗಿಂತ ಬೇರೆಯಾಗಿರಲಿಲ್ಲ.

ಉತ್ತರ ಕೊರಿಯಾದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದೇ ಮನೆತನದ ಮೂರನೇ ತಲೆಮಾರು ಆಳುತ್ತಿದೆ, ತಾತ ಮುತ್ತಾತಂದಿರ ನಿಷ್ಠೆಯ ಮೇಲೆ ಮೊಮ್ಮಕ್ಕಳ ಓದು, ಕೆಲಸ ನಿಂತಿದೆ, ಪಕ್ಕದ ಜಿಲ್ಲೆಗೆ ಹೋಗಲೂ ಪರವಾನಗಿ ಬೇಕು. 2009ರಲ್ಲಿ ಅವರ ಸಂವಿಧಾನದಿಂದಲೇ ಕಮ್ಯುನಿಸಂ ಎಂಬ ಮಾತು ಹೋಯಿತು.

ಸಂಘದ ವಿಷಯಕ್ಕೆ ಬರೋಣ. ಕೊಲಾಬಾದಿಂದ ವಸಾಯಿ, ಬದ್ಲಾಪುರದವರೆಗೆ ಮುಂಬೈಯಲ್ಲಿ ಎಷ್ಟು ಕನ್ನಡ ಸಂಘಗಳಿವೆಯೋ. ಮಾಟುಂಗದ ಕರ್ನಾಟಕ ಸಂಘ, ಮೈಸೂರು ಅಸೋಸಿಯೇಷನ್, ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಮೊಗವೀರ ಮಂಡಳಿ, ಜತೆಗೆ ಪ್ರತಿ ಉಪನಗರಕ್ಕೂ ಒಂದು ಕನ್ನಡ ಸಂಘ, ಅದು ಒಡೆದು ಇನ್ನೊಂದು. ಜಗಳವಾಡಿ ಬೇರೆ ಸಂಘ ಕಟ್ಟುವುದೂ ಒಂದು ಹಕ್ಕು ಎಂದು ನಮಗೆ ಹೊಳೆಯುವುದೇ ಇಲ್ಲ. ಚೀನಾದ 1998ರ ನಿಯಮದಂತೆ ಸಂಘ ನೋಂದಾಯಿಸಲು ಮೊದಲು ಯಾವುದಾದರೊಂದು ಸರ್ಕಾರಿ ಸಂಸ್ಥೆ ನಿಮ್ಮ ಮೇಲ್ವಿಚಾರಣೆಯ ಹೊಣೆ ಹೊರಬೇಕು. ಅದೇ ಪ್ರದೇಶದಲ್ಲಿ ಅದೇ ಬಗೆಯ ಸಂಘ ಆಗಲೇ ಇದ್ದರೆ ಎರಡನೆಯದಕ್ಕೆ ಅನುಮತಿ ನಿರಾಕರಿಸಬಹುದು. ಒಂದೂರಿಗೆ ಒಂದು ಸಂಘ, ಅದರ ತಲೆಯ ಮೇಲೆ ಸರ್ಕಾರ.

ಕಾರ್ಮಿಕ ಸಂಘಕ್ಕೂ ಇದೇ ನಿಯಮ. ಚೀನಾದಲ್ಲಿ ಇರುವುದು ಒಂದೇ ರಾಷ್ಟ್ರೀಯ ಕಾರ್ಮಿಕ ಒಕ್ಕೂಟ, ಅದು ಪಕ್ಷದ ಅಡಿಯಲ್ಲಿದೆ. ಹೊರಗೆ ಬೇರೆ ಯೂನಿಯನ್ ಕಟ್ಟುವಂತಿಲ್ಲ. 1975, 1978ರ ಸಂವಿಧಾನಗಳಲ್ಲಿ ಮುಷ್ಕರದ ಸ್ವಾತಂತ್ರ್ಯ ಬರೆದಿತ್ತು, 1982ರಲ್ಲಿ ಅದನ್ನು ಅಳಿಸಿದರು. ಇದರ ರುಚಿ ಹೇಗಿರುತ್ತದೆ ಎಂದು ಮುಂಬೈಗೆ ಸ್ವಲ್ಪ ಗೊತ್ತಿದೆ. 1946ರ ಬಾಂಬೆ ಕೈಗಾರಿಕಾ ಸಂಬಂಧ ಕಾಯ್ದೆಯ ಪ್ರಕಾರ ಬಟ್ಟೆ ಗಿರಣಿಗಳಲ್ಲಿ ಮಾಲೀಕರ ಜತೆ ಮಾತಾಡುವ ಅಧಿಕಾರ ಇದ್ದದ್ದು ಮಾನ್ಯತೆ ಪಡೆದ ಒಂದೇ ಸಂಘಕ್ಕೆ, ಕಾಂಗ್ರೆಸ್ಸಿನ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ. ಕಾರ್ಮಿಕರಿಗೆ ಅದರ ಮೇಲೆ ನಂಬಿಕೆ ಹೋಗಿತ್ತು, ಆದರೂ ಕಾಯ್ದೆ ಅದನ್ನೇ ಅವರ ಬಾಯಿ ಎಂದು ಗಣಿಸಿತು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಜನ ದತ್ತಾ ಸಾಮಂತರ ಹಿಂದೆ ಮುಷ್ಕರಕ್ಕೆ ಹೊರಟಾಗ ಬೋನಸ್, ಸಂಬಳದ ಜತೆ ಆ ಕಾಯ್ದೆ ಹೋಗಬೇಕು ಎಂಬುದೂ ಬೇಡಿಕೆಯಾಗಿತ್ತು. ಮುಷ್ಕರ ಮುರಿಯಿತು, ಗಿರಣಿಗಳ ಪ್ರದೇಶವಾಗಿದ್ದ ಗಿರಣಗಾಂವ್ ಶಾಪಿಂಗ್ ಮಾಲುಗಳ ಊರಾಯಿತು. ಒಂದು ಉದ್ಯಮದಲ್ಲಿ ಒಂದು ಕಾಯ್ದೆ ಮಾಡಿದ ಹಾನಿ ಅದು. ಅದನ್ನೇ ಇಡೀ ದೇಶಕ್ಕೆ, ಎಲ್ಲ ಉದ್ಯಮಕ್ಕೆ, ಕೋರ್ಟಿನ ದಾರಿಯೂ ಇಲ್ಲದಂತೆ ಹಬ್ಬಿಸಿದರೆ ಚೀನಾದ ಕಾರ್ಮಿಕನ ಸ್ಥಿತಿ ಗೊತ್ತಾಗುತ್ತದೆ.

2018ರ ಜುಲೈನಲ್ಲಿ ಶೆನ್‌ಜೆನ್‌ನಲ್ಲಿ ವೆಲ್ಡಿಂಗ್ ಯಂತ್ರ ತಯಾರಿಸುವ ಜಾಸಿಕ್ ಕಾರ್ಖಾನೆಯ ಕೆಲವರು ಯೂನಿಯನ್ ಮಾಡಲು ಹೊರಟು ಕೆಲಸ ಕಳೆದುಕೊಂಡರು, ಬಂಧನಕ್ಕೂ ಒಳಗಾದರು. ಅವರ ಬೆಂಬಲಕ್ಕೆ ಬಂದವರು ಬೀಜಿಂಗ್‌ನ ಹೆಸರಾಂತ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು. ಮಾರ್ಕ್ಸ್ ಓದುವ ಕೂಟಗಳಲ್ಲಿ ಬೆಳೆದವರು, ಮಾವೋ ಚಿತ್ರ ಹಿಡಿದು ನಿಂತವರು. ಆಗಸ್ಟ್ 24ರ ಬೆಳಿಗ್ಗೆ ಪೊಲೀಸರು ಅವರ ತಂಗುದಾಣಕ್ಕೆ ನುಗ್ಗಿ ಸುಮಾರು 50 ಜನರನ್ನು ಎತ್ತಿಕೊಂಡು ಹೋದರು. 1928ರಲ್ಲಿ ಮುಂಬೈಯ ಒಂದೂವರೆ ಲಕ್ಷ ಗಿರಣಿ ಕಾರ್ಮಿಕರು ಆರು ತಿಂಗಳು ಮುಷ್ಕರ ಮಾಡಿ, ಡಾಂಗೆಯಂಥ ಕಮ್ಯುನಿಸ್ಟರು ಗಿರಣಿ ಕಾಮಗಾರ್ ಯೂನಿಯನ್ ಕಟ್ಟಿದಾಗ, ಮರುವರ್ಷ ಬ್ರಿಟಿಷರು ಅವರನ್ನು ಮೀರತ್ ಸಂಚಿನ ಮೊಕದ್ದಮೆಯಲ್ಲಿ ಸಿಕ್ಕಿಸಿದರು. ವಸಾಹತು ಸರ್ಕಾರ ಮಾಡಿದ್ದನ್ನೇ 90 ವರ್ಷದ ಮೇಲೆ ಕಾರ್ಮಿಕರ ಹೆಸರಿನ ಸರ್ಕಾರವೂ ಮಾಡಿತು. ಪೋಲೆಂಡಿನಲ್ಲೂ ಆದದ್ದು ಇದೇ. ಲೆನಿನ್ ಹೆಸರಿನ ಹಡಗು ಕಟ್ಟೆಯಲ್ಲಿ 1980ರಲ್ಲಿ ಹುಟ್ಟಿದ ಸ್ವತಂತ್ರ ಯೂನಿಯನ್ ‘ಸಾಲಿಡಾರಿಟಿ’ಗೆ ಒಂದು ಕೋಟಿಯಷ್ಟು ಜನ ಸೇರಿದರು. ಮರುವರ್ಷದ ಡಿಸೆಂಬರ್‌ನಲ್ಲಿ ಟ್ಯಾಂಕುಗಳು ಬೀದಿಗಿಳಿದವು. 1989ರ ಚುನಾವಣೆಯಲ್ಲಿ ಅದೇ ಯೂನಿಯನ್ ಕಮ್ಯುನಿಸ್ಟ್ ಆಡಳಿತವನ್ನು ಕೊನೆಗಾಣಿಸಿತು.

ಇತ್ತ 2018ರ ಮಾರ್ಚ್‌ನಲ್ಲಿ ನಾಸಿಕ್‌ನಿಂದ ಕೆಂಪು ಬಾವುಟ ಹಿಡಿದು ಸುಮಾರು 180 ಕಿಲೋಮೀಟರ್ ನಡೆದುಬಂದ ರೈತರನ್ನು ಮುಂಬೈ ನೋಡಿತು. ನಡೆಸಿದ್ದು ಸಿಪಿಎಂ ಜತೆಗಿನ ಕಿಸಾನ್ ಸಭಾ, ಬಂದವರಲ್ಲಿ ಹೆಚ್ಚಿನವರು ಆದಿವಾಸಿಗಳು. ಎಸ್‌ಎಸ್‌ಸಿ ಪರೀಕ್ಷೆಗೆ ಹೋಗುವ ಮಕ್ಕಳಿಗೆ ತೊಂದರೆ ಆಗದಿರಲೆಂದು ಸಯನ್‌ನ ಸೋಮಯ್ಯ ಮೈದಾನದಿಂದ ನಡುರಾತ್ರಿ ಹೊರಟು ಬೆಳಗಾಗುವ ಮೊದಲೇ ಆಜಾದ್ ಮೈದಾನ ಸೇರಿದರು. ಕಾಲಿನ ಬೊಬ್ಬೆ ಒಡೆದು ರಕ್ತ ಸೋರುತ್ತಿತ್ತು. ಅವರ ಮೊದಲ ಬೇಡಿಕೆ ಏನೆಂದರೆ, ತಾವು ಉಳುತ್ತಿರುವ ಅರಣ್ಯ ಭೂಮಿಯ ಪಟ್ಟಾ ತಮ್ಮ ಹೆಸರಿಗೆ ಆಗಬೇಕು ಎಂಬುದು. ಕಮ್ಯುನಿಸ್ಟರ ನಾಯಕತ್ವದಲ್ಲಿ ಕೇಳಿದ್ದು ಖಾಸಗಿ ಹಕ್ಕುಪತ್ರ. ಬಿಜೆಪಿಯ ಮುಖ್ಯಮಂತ್ರಿ ಮಾತುಕತೆಗೆ ಕರೆದು ಲಿಖಿತ ಭರವಸೆ ಕೊಟ್ಟರು. ಅದು ಪೂರ್ತಿ ಈಡೇರಲಿಲ್ಲವೆಂದು ರೈತರು ಮರುವರ್ಷ ಮತ್ತೆ ನಡೆಯಲು ಹೊರಟರು. ಇಂಥ ಮೆರವಣಿಗೆ ಬೀಜಿಂಗ್‌ಗೋ ಹವಾನಾಗೋ ತಲುಪಲಾರದು. 2021ರ ಜುಲೈ 11ರಂದು ಕ್ಯೂಬಾದ ಊರೂರಲ್ಲಿ ಜನ ಬೀದಿಗಿಳಿದಾಗ ನೂರಾರು ಜನರಿಗೆ ವರ್ಷಗಟ್ಟಲೆ ಜೈಲಾಯಿತು.

ಆದ್ದರಿಂದಲೇ ನಮ್ಮ ಕಡೆಯ ಬೆಳವಣಿಗೆಯನ್ನೂ ಇದೇ ಅಳತೆಗೋಲಿನಿಂದ ನೋಡಬೇಕು ಎನ್ನುತ್ತೇನೆ. ಸಂಘ ಕಟ್ಟುವ ಹಕ್ಕನ್ನು ಕಾಯುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 87ನೇ ಒಪ್ಪಂದವನ್ನು ಚೀನಾ ಅನುಮೋದಿಸಿಲ್ಲ, ವಿಯೆಟ್ನಾಂ ಅನುಮೋದಿಸಿಲ್ಲ, ಭಾರತವೂ ಅನುಮೋದಿಸಿಲ್ಲ. ಸಾಮೂಹಿಕ ಚೌಕಾಸಿಯ ಹಕ್ಕಿನ 98ನೇ ಒಪ್ಪಂದವನ್ನು ವಿಯೆಟ್ನಾಂ 2019ರಲ್ಲಿ ಒಪ್ಪಿತು, ನಾವು ಅದನ್ನೂ ಒಪ್ಪಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಯಾವುದೇ ಉದ್ಯಮದಲ್ಲಿ ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸ್ ಕೊಡಬೇಕು. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಟ್ಟಾಗಿ ಒಂದೇ ದಿನ ರಜೆ ಹಾಕಿದರೂ ಅದು ಮುಷ್ಕರವೇ. ಮಹಾರಾಷ್ಟ್ರದ ಜನಸುರಕ್ಷಾ ಮಸೂದೆ ಯಾವ ಸಂಘಟನೆ ‘ಕಡು ಎಡಪಂಥೀಯ’ ಎಂದು ನಿರ್ಧರಿಸುವ ಮೊದಲ ಮಾತನ್ನು ಸರ್ಕಾರದ ಕೈಗೆ ಕೊಡುತ್ತದೆ. ಕಮ್ಯುನಿಸ್ಟ್ ದೇಶಗಳಲ್ಲಿ ನಾವು ಖಂಡಿಸುವ ಸಂಗತಿ, ಅಂದರೆ ಯಾವ ಸಂಘ ಇರಬಹುದು ಯಾವುದು ಇರಬಾರದು ಎಂದು ಆಳುವವರೇ ತೀರ್ಮಾನಿಸುವುದು, ಕಮ್ಯುನಿಸಂ ತಡೆಯುವ ಹೆಸರಿನಲ್ಲೂ ಬರಬಹುದು. ವ್ಯತ್ಯಾಸ ಇಷ್ಟು: ಇಲ್ಲಿ ಇದನ್ನು ಪ್ರಶ್ನಿಸಲು ಹೈಕೋರ್ಟ್ ಇದೆ, ಬರೆಯಲು ಪತ್ರಿಕೆ ಇದೆ, ಐದು ವರ್ಷಕ್ಕೊಮ್ಮೆ ಮತಗಟ್ಟೆ ಇದೆ. ಹೊಸ ಸಂಹಿತೆಗಳನ್ನು ವಿರೋಧಿಸುವ ಕಾರ್ಮಿಕ ಸಂಘಗಳಿಗೆ ಈ ಮೂರೂ ದಾರಿಗಳು ತೆರೆದಿವೆ. ಹೋಟೆಲು, ಬ್ಯಾಂಕು, ಬಂದರು, ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರೂ ಆ ಸಂಘಗಳಲ್ಲಿದ್ದಾರೆ.